ಕೆ.ಜಿ.ಎಫ್. ಮನೆತನದ ಮೂಲ ಹುಡುಕಲು ಯಾವ ಸೈಟಿಗೆ ಚಂದಾ ಕಟ್ಟುವುದು?

ಕೋರಮಂಡಲ್ ಲೈನ್ಸ್ ಕೇಳಿದ್ದು:

ಕೋಲಾರ ಚಿನ್ನದ ಗಣಿಯ ಒಂದು ಆಂಗ್ಲೋ ಇಂಡಿಯನ್ ಮನೆತನದ ವಂಶವೃಕ್ಷ ಸಿದ್ಧ ಮಾಡಬೇಕಿದೆ. ಗೊತ್ತಿರುವುದು ಇಷ್ಟು. ಮೂಲಪುರುಷ 1890ರ ದಶಕದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸಕ್ಕೆ ಬಂದವರು. ಮದುವೆ ಇಲ್ಲೇ ಆಗಿದೆ. ಹೆಂಡತಿಯ ಹೆಸರು ಗೊತ್ತು, ತವರಿನ ಮನೆ ಹೆಸರು ಗೊತ್ತಿಲ್ಲ. 1900ರಿಂದ 1912ರೊಳಗೆ ಹುಟ್ಟಿದ ನಾಲ್ಕು ಮಕ್ಕಳು. ಅವರಲ್ಲಿ ಒಬ್ಬ ಮಗಳು 1950ರ ಸುಮಾರಿಗೆ ಇಂಗ್ಲೆಂಡಿಗೆ ಹೋಗಿ ನೆಲೆಸಿದ್ದಾರೆ.

ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್, ಮೈಹೆರಿಟೇಜ್ ಎಂಬ ವಂಶದ ದಾಖಲೆ ಹುಡುಕುವ ಮೂರೂ ಸೈಟುಗಳನ್ನು ನೋಡಿದೆ. ಮೂರರಲ್ಲೂ ಭಾರತದ ದಾಖಲೆ ಇದೆ ಎಂದು ಬರೆದಿದೆ. ಮೂರಕ್ಕೂ ದುಡ್ಡು ಹಾಕಲು ಆಗುವುದಿಲ್ಲ. ಒಂದಕ್ಕೆ ವರ್ಷದ ಚಂದಾ ಕಟ್ಟುವುದಾದರೆ ಯಾವುದಕ್ಕೆ?

—

ಹಳೆಕಡತ:

ವರ್ಷದ ಚಂದಾ ಈಗಲೇ ಬೇಡ. ಸೈಟನ್ನು ಆಮೇಲೆ ಆರಿಸಿದರಾಯಿತು, ನಿಮಗೆ ಬೇಕಾದ ದಾಖಲೆ ಯಾವ ಕಡತದಲ್ಲಿದೆ ಎಂಬುದು ಮೊದಲು ಸ್ಪಷ್ಟವಾಗಲಿ. ನಿಮ್ಮ ಕೆಲಸದಲ್ಲಿ ಮೂರು ತುಂಡುಗಳಿವೆ: ಇಲ್ಲಿನ ಮದುವೆ ಮತ್ತು ಬ್ಯಾಪ್ಟಿಸಮ್ (ಚರ್ಚಿನ ದೀಕ್ಷಾಸ್ನಾನ), ಕಾರ್ನ್‌ವಾಲ್‌ನ ಹಿನ್ನೆಲೆ, ಮಗಳ ಹಡಗು ಪ್ರಯಾಣ. ಮೂರೂ ಒಂದೇ ಕಡೆ ಚೆನ್ನಾಗಿ ಸಿಗುವುದಿಲ್ಲ.

ಇಲ್ಲಿನ ಭಾಗ ಎಲ್ಲಕ್ಕಿಂತ ಮುಖ್ಯ. ಬ್ರಿಟಿಷರ ಕಾಲದಲ್ಲಿ ಸರ್ಕಾರ ನೇಮಿಸಿದ ಪಾದ್ರಿಗಳಾದ ಚಾಪ್ಲೇನ್‌ಗಳು ತಮ್ಮ ಚರ್ಚಿನ ಬ್ಯಾಪ್ಟಿಸಮ್, ಮದುವೆ, ಸಮಾಧಿ ನಮೂದುಗಳ ನಕಲು ತೆಗೆದು ಪ್ರೆಸಿಡೆನ್ಸಿ (ಬ್ರಿಟಿಷ್ ಪ್ರಾಂತ್ಯ) ಕೇಂದ್ರಕ್ಕೆ ಕಳಿಸಬೇಕಿತ್ತು. ಅಲ್ಲಿಂದ ಅದು ಲಂಡನ್ನಿನ ಇಂಡಿಯಾ ಆಫೀಸಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಕಡತದ ಗುರುತು ಹೀಗೆ: ಬಂಗಾಳದ್ದು ಎನ್/1, ಮದ್ರಾಸಿನದ್ದು ಎನ್/2, ಬೊಂಬಾಯಿಯದ್ದು ಎನ್/3. ಬೆಂಗಳೂರು ದಂಡು ಪ್ರದೇಶ ಮತ್ತು ಕೆ.ಜಿ.ಎಫ್. ಕಡೆಯ ನಮೂದುಗಳನ್ನು ಎನ್/2ರಲ್ಲಿ ಹುಡುಕಬೇಕು. ಈ ಪುಟಗಳ ಚಿತ್ರಗಳನ್ನು ಫೈಂಡ್‌ಮೈಪಾಸ್ಟ್ 2014ರಲ್ಲಿ ಆನ್‌ಲೈನಿಗೆ ತಂದಿತು. ಹಾಗಾಗಿ ದುಡ್ಡು ಹಾಕುವುದಿದ್ದರೆ ಮೊದಲು ಅದಕ್ಕೆ.

ಆನ್ಸೆಸ್ಟ್ರಿಯಲ್ಲಿ ಕಾಣುವ 1786ರಿಂದ 1947ರವರೆಗಿನ ಭಾರತದ ಜನನ–ಬ್ಯಾಪ್ಟಿಸಮ್ ಪಟ್ಟಿ ಫ್ಯಾಮಿಲಿಸರ್ಚ್ ಎಂಬ ಉಚಿತ ಸೈಟಿನ ಸೂಚಿಯೇ. ಪುಟದ ಚಿತ್ರ ಅದರ ಜೊತೆ ಬರುವುದಿಲ್ಲ. ಅದೇ ಸೂಚಿ ಫ್ಯಾಮಿಲಿಸರ್ಚ್‌ನಲ್ಲಿ ಪುಕ್ಕಟೆ ಸಿಗುವಾಗ ಅದಕ್ಕೆಂದು ಚಂದಾ ಕಟ್ಟುವುದು ವ್ಯರ್ಥ.

ಸೂಚಿ ಸಾಲದು, ಚಿತ್ರವೇ ಬೇಕು ಅನ್ನುವುದಕ್ಕೆ ಕಾರಣವಿದೆ. ಸೂಚಿಯಲ್ಲಿ ಹೆಸರು, ದಿನಾಂಕ, ತಂದೆತಾಯಿಯ ಹೆಸರು ಇಷ್ಟೇ. ಮೂಲ ಪುಟದಲ್ಲಾದರೆ ಬ್ಯಾಪ್ಟಿಸಮ್ ನಮೂದಿನಲ್ಲಿ ತಂದೆಯ ಕಸುಬು ಮತ್ತು ವಾಸಸ್ಥಳ, ಮದುವೆ ನಮೂದಿನಲ್ಲಿ ವಯಸ್ಸು, ಅವಿವಾಹಿತರೋ ವಿಧುರರೋ ಎಂಬುದು, ಇಬ್ಬರ ತಂದೆಯರ ಹೆಸರು, ಸಾಕ್ಷಿಗಳ ಸಹಿ, ಸಮಾಧಿ ನಮೂದಿನಲ್ಲಿ ಸಾವಿನ ಕಾರಣ ಕೂಡ ಇರುತ್ತದೆ. ನೀವು ಹುಡುಕುತ್ತಿರುವ ತವರಿನ ಹೆಸರು ಮದುವೆ ನಮೂದಿನಲ್ಲಿ ಸಿಗಬೇಕು. ಬ್ಯಾಪ್ಟಿಸಮ್ ಪುಟದಲ್ಲಿ ತಾಯಿಯ ಮೊದಲ ಹೆಸರಷ್ಟೇ ಇರುವುದು ರೂಢಿ. ಸಾಕ್ಷಿಗಳ ಹೆಸರನ್ನೂ ಬರೆದಿಟ್ಟುಕೊಳ್ಳಿ. ಹೆಣ್ಣಿನ ಕಡೆಯ ಅಣ್ಣನೋ ಭಾವನೋ ಅಲ್ಲಿ ಸಹಿ ಹಾಕಿರುವುದು ಸಾಮಾನ್ಯ.

ಹುಡುಕುವಾಗ ಊರಿನ ಹೆಸರಿನ ಜಾಗ ಖಾಲಿ ಬಿಡಿ. ಎಲ್ಲರೂ ಇಲ್ಲೇ ಎಡವುತ್ತಾರೆ. ಒಂದೇ ಮನೆಯ ಮಕ್ಕಳ ನಮೂದು ಕೋಲಾರ, ಊರಿಗಾಂ, ಮಾರಿಕುಪ್ಪಂ, ಚಾಂಪಿಯನ್ ರೀಫ್ ಎಂದು ಬೇರೆ ಬೇರೆ ಇರಬಹುದು, ಚಾಪ್ಲೇನ್ ಇದ್ದ ಊರಿನ ಹೆಸರಲ್ಲಿ ಬರೀ ಬೆಂಗಳೂರು ಎಂದೂ ಇರಬಹುದು. ಊರಿಗಾಂ ಎಂಬುದನ್ನೇ ಇಂಗ್ಲಿಷಿನಲ್ಲಿ ಮೂರು ನಾಲ್ಕು ಥರ ಬರೆದಿದ್ದಾರೆ. ಮನೆತನದ ಹೆಸರು ಹಾಕಿ, ಇಸವಿಗೆ ಐದು ವರ್ಷ ಹಿಂದೆ ಮುಂದೆ ಬಿಟ್ಟು ಹುಡುಕಿ. ಕಾರ್ನಿಷ್ ಹೆಸರಿನ ಕಾಗುಣಿತವನ್ನು ಗುಮಾಸ್ತರು ಕೇಳಿದಂತೆ ಬರೆದಿರುತ್ತಾರೆ, ಅನುಮಾನವಿರುವ ಅಕ್ಷರದ ಜಾಗಕ್ಕೆ ನಕ್ಷತ್ರ ಚಿಹ್ನೆ ಹಾಕಿ. ಆಗಲೂ ಸಿಗದಿದ್ದರೆ ಮನೆತನದ ಹೆಸರನ್ನೇ ಬಿಟ್ಟು, ತಂದೆ ಮತ್ತು ತಾಯಿಯ ಮೊದಲ ಹೆಸರು ಎರಡನ್ನೇ ಹಾಕಿ ಬ್ಯಾಪ್ಟಿಸಮ್ ಹುಡುಕಿ. ಒಂದು ಮಗು ಸಿಕ್ಕರೆ ಉಳಿದ ಮೂವರನ್ನು ಹುಡುಕುವುದು ಸುಲಭ.

—

ನೀಲಗಿರಿ ತೋಪು:

ಹಳೆಕಡತ ಅವರು ಹೇಳಿದ್ದು ಸರಿ. ಆದರೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಕಾರ್ನ್‌ವಾಲ್‌ನ ಗಣಿ ಕೆಲಸಗಾರರಲ್ಲಿ ಬಹುಪಾಲು ಮೆಥಡಿಸ್ಟರು, ಅಂದರೆ ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನಿಂದ ಬೇರೆಯಾದ ಪಂಗಡದವರು. ಚಾಪ್ಲೇನ್ ಕಳಿಸುತ್ತಿದ್ದದ್ದು ತನ್ನ ಆಂಗ್ಲಿಕನ್ ಚರ್ಚಿನ ನಕಲು. ಮೆಥಡಿಸ್ಟ್ ಮಕ್ಕಳ ಬ್ಯಾಪ್ಟಿಸಮ್ ಎನ್/2ರಲ್ಲಿ ಇಲ್ಲದಿದ್ದರೆ ಆಶ್ಚರ್ಯವಿಲ್ಲ. ಮದುವೆಯ ವಿಷಯ ಹಾಗಲ್ಲ: 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಪರವಾನಗಿ ಇದ್ದ ಬೇರೆ ಪಂಗಡದ ಪಾದ್ರಿಗಳೂ ಮದುವೆಯ ನಕಲು ಸರ್ಕಾರಕ್ಕೆ ಕಳಿಸಬೇಕಿತ್ತು. ಹಾಗಾಗಿ ಮದುವೆ ಸಿಕ್ಕಿ ಮಕ್ಕಳು ಸಿಗದಿದ್ದರೆ ಸೈಟನ್ನು ಬೈಯಬೇಡಿ, ಇನ್ನೊಂದು ಸೈಟಿಗೂ ದುಡ್ಡು ಹಾಕಬೇಡಿ. ಚರ್ಚಿಗೆ ಹೋಗಿ.

ಯಾವ ಚರ್ಚು? ವೆಸ್ಲಿಯನ್ (ಬ್ರಿಟಿಷ್ ಮೆಥಡಿಸ್ಟ್) ಮತ್ತು ಆಂಗ್ಲಿಕನ್ ಸಭೆಗಳು 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ (ಸಿ.ಎಸ್.ಐ.) ಸೇರಿಹೋದವು. ಆ ರಿಜಿಸ್ಟರುಗಳಿಗೆ ಈಗ ಕರ್ನಾಟಕ ಸೆಂಟ್ರಲ್ ಡಯಾಸಿಸ್‌ಗೆ (ಧರ್ಮಪ್ರಾಂತ್ಯಕ್ಕೆ) ಸೇರಿದ ಸಿ.ಎಸ್.ಐ. ಚರ್ಚುಗಳಲ್ಲಿ ಕೇಳಬೇಕು. ಕೋಲಾರ ಕಡೆ ಕೆಲಸ ಮಾಡಿದ ಅಮೆರಿಕನ್ ಮೆಥಡಿಸ್ಟ್ ಮಿಷನ್ ಮಾತ್ರ ಆ ಒಕ್ಕೂಟಕ್ಕೆ ಸೇರಲಿಲ್ಲ, ಅದರ ಪುಸ್ತಕಗಳು ಬೇರೆ. ಕ್ಯಾಥೊಲಿಕ್ ಆಗಿದ್ದರೆ ಆ ಪ್ಯಾರಿಷ್‌ನಲ್ಲೇ (ಆ ಊರಿನ ಚರ್ಚಿನಲ್ಲೇ) ವಿಚಾರಿಸಬೇಕು, ಲಂಡನ್ನಿಗೆ ಹೋದ ಕ್ಯಾಥೊಲಿಕ್ ನಕಲುಗಳು ಪೂರ್ತಿಯಿಲ್ಲ. ಪಾದ್ರಿಗಳ ಬಳಿ ಹೋಗುವಾಗ ಪೂರ್ಣ ಹೆಸರು, ಎರಡು ಮೂರು ವರ್ಷಗಳ ಅಂತರದೊಳಗಿನ ಇಸವಿ, ತಂದೆಯ ಹೆಸರು ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಿ. ಪುಸ್ತಕ ಪೂರ್ತಿ ತಿರುವಿ ಹಾಕಿ ಎಂದರೆ ಯಾರಿಗೂ ಆಗದ ಕೆಲಸ.

ಮದುವೆ ನಮೂದಿನಲ್ಲಿ ಹೆಂಡತಿಗೆ ಒಂದೇ ಕ್ರೈಸ್ತ ಹೆಸರಿದ್ದು, ತಂದೆಯ ಹೆಸರಿನ ಅಂಕಣ ಖಾಲಿ ಇದ್ದರೆ ಆಕೆ ಸ್ಥಳೀಯ ಕುಟುಂಬದವರಿರುವ ಸಾಧ್ಯತೆಯನ್ನು ಗಂಭೀರವಾಗಿ ತೆಗೆದುಕೊಳ್ಳಿ. ಭಾರತೀಯ ಕ್ರೈಸ್ತರ ನಮೂದುಗಳು ಇಂಡಿಯಾ ಆಫೀಸಿನ ಕಡತಗಳಲ್ಲಿ ಬಹಳ ಕಡಿಮೆ. ಆ ಕವಲಿಗೆ ಯಾವ ಚಂದಾ ಸೈಟೂ ನೆರವಾಗುವುದಿಲ್ಲ. ಆ ಹೆಣ್ಣುಮಗಳ ಹೆಸರು ವೃಕ್ಷದಲ್ಲಿ ಬಿಟ್ಟುಹೋಗಬಾರದು. ಎಷ್ಟೋ ಮನೆಗಳಲ್ಲಿ ಅಳಿಸಿಹೋಗಿರುವುದು ಇದೇ ಕೊಂಡಿ.

—

ಹಳೆಕಡತ:

ಮೆಥಡಿಸ್ಟ್ ವಿಷಯ ನೆನಪಿಸಿದ್ದು ಒಳ್ಳೆಯದಾಯಿತು. ಕಾರ್ನ್‌ವಾಲ್ ಭಾಗಕ್ಕೆ ಬರೋಣ. ಇದರಲ್ಲಿ ಬಹಳಷ್ಟು ಪುಕ್ಕಟೆ ಆಗುತ್ತದೆ.

ಕಾರ್ನ್‌ವಾಲ್‌ಗೆ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ಸ್ ಎಂಬ ಸ್ವಯಂಸೇವಕರ ದತ್ತಸಂಚಯವಿದೆ, ಅಲ್ಲಿ ಬ್ಯಾಪ್ಟಿಸಮ್, ಮದುವೆ, ಸಮಾಧಿ ಮೂರೂ ಸಿಗುತ್ತವೆ. ಫ್ರೀಬಿಎಂಡಿ ಎಂಬ ಉಚಿತ ಸೈಟಿನಲ್ಲಿ 1837ರಿಂದ ಶುರುವಾದ ಇಂಗ್ಲೆಂಡಿನ ಸಿವಿಲ್ ನೋಂದಣಿಯ (ಸರ್ಕಾರಿ ಜನನ, ಮದುವೆ, ಮರಣ ದಾಖಲೆಯ) ಸೂಚಿಯಿದೆ. ಅಲ್ಲಿನ ಜನರಲ್ ರಿಜಿಸ್ಟರ್ ಆಫೀಸಿನ ಸ್ವಂತ ಸೂಚಿಯಲ್ಲಿ ಆರಂಭದ ವರ್ಷಗಳ ಜನನಕ್ಕೂ ತಾಯಿಯ ತವರಿನ ಹೆಸರು ಕೊಟ್ಟಿರುತ್ತಾರೆ, ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಇದು ದೊಡ್ಡ ಸಹಾಯ. 1881ರ ಜನಗಣತಿಯ ಅಕ್ಷರರೂಪ ಫ್ಯಾಮಿಲಿಸರ್ಚ್‌ನಲ್ಲಿ ಉಚಿತ. ನಿಮ್ಮ ಮೂಲಪುರುಷ ಆಗ ಹುಡುಗನೋ ಯುವಕನೋ ಆಗಿ ತಂದೆತಾಯಿಯ ಮನೆಯಲ್ಲಿರಬೇಕು. ಕ್ಯಾಂಬೋರ್ನ್, ರೆಡ್ರೂತ್ ಸುತ್ತಮುತ್ತ ಮೊದಲು ನೋಡಿ, ಗಣಿ ಕಸುಬಿನ ಜನ ಅಲ್ಲಿ ಹೆಚ್ಚು.

ಅಲ್ಲಿನ ತೊಡಕು ಏನೆಂದರೆ ಒಂದೇ ಪ್ಯಾರಿಷ್‌ನಲ್ಲಿ ಒಂದೇ ಹೆಸರಿನವರು ಐದಾರು ಜನ. ಆರಿಸಿದ ಮಗುವಿನ ಹೆಸರಲ್ಲಿ ಸಮಾಧಿ ನಮೂದು ಇದೆಯೇ ಎಂದು ತಪ್ಪದೆ ನೋಡಿ. ಎರಡು ವರ್ಷಕ್ಕೆ ತೀರಿಹೋದ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುತ್ತಿದ್ದರು. ಆನ್ಸೆಸ್ಟ್ರಿ, ಮೈಹೆರಿಟೇಜ್ ಎರಡೂ ಬೇರೆಯವರ ವೃಕ್ಷದಿಂದ ಸುಳಿವು ಕೊಡುತ್ತವೆ. ಬ್ಯಾಪ್ಟಿಸಮ್ ಆಗಿ ಮಗುವಾಗಿಯೇ ಸತ್ತವನನ್ನು ಹಿಡಿದು ಕಟ್ಟಿದ ವೃಕ್ಷಗಳು ಅಲ್ಲಿ ಬೇಕಾದಷ್ಟಿವೆ. ಸುಳಿವನ್ನು ಓದಿ, ಒಪ್ಪಿಗೆ ಒತ್ತಬೇಡಿ.

ಮನುಷ್ಯ ಇಲ್ಲಿಗೆ ಬರುವ ಮೊದಲೇ ಅಲ್ಲಿ ಮದುವೆಯಾಗಿದ್ದರೆ? ಕೇಳಲು ಕಹಿಯಾದರೂ ಪರೀಕ್ಷಿಸಬೇಕಾದದ್ದೇ. 1901 ಮತ್ತು 1911ರ ಜನಗಣತಿಯಲ್ಲಿ ಕಾರ್ನ್‌ವಾಲ್‌ನಲ್ಲಿ ಅದೇ ಮನೆತನದ ಹೆಸರಿನ, ಗಂಡ ಜೊತೆಯಲ್ಲಿಲ್ಲದ ವಿವಾಹಿತ ಹೆಂಗಸು ಇದ್ದಾರೆಯೇ ನೋಡಿ. 1911ರಲ್ಲಿ ವಿವಾಹಿತೆಯರಿಗೆ ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು ಎಂದು ಕೇಳಿದ್ದಾರೆ. ನಮ್ಮ ಕಡೆ ಜನಗಣತಿಯ ಆಗಿನ ಮನೆವಾರು ಹಾಳೆಗಳು ಉಳಿದಿಲ್ಲ, ಆದ್ದರಿಂದ ಕೆ.ಜಿ.ಎಫ್.ನ ಮನೆ ಅದರಲ್ಲಿ ಸಿಗುತ್ತದೆಂದು ಕಾಯಬೇಡಿ.

ಮಗಳ ಪ್ರಯಾಣಕ್ಕೆ ಮಾತ್ರ ಆನ್ಸೆಸ್ಟ್ರಿ ಬೇಕು. ಬ್ರಿಟನ್ನಿಗೆ ಬಂದಿಳಿದವರ ಹಡಗು ಪಟ್ಟಿ 1878ರಿಂದ 1960ರವರೆಗೆ ಅಲ್ಲಿದೆ, ಆ ಕಾಲದ ಪಟ್ಟಿಯಲ್ಲಿ ವಯಸ್ಸು, ಕಸುಬು, ಇಳಿದ ಮೇಲೆ ಹೋಗುವ ವಿಳಾಸ ಇರುತ್ತದೆ. ಹೊರಟವರ ಪಟ್ಟಿ (1890ರಿಂದ 1960) ಫೈಂಡ್‌ಮೈಪಾಸ್ಟ್‌ನಲ್ಲೂ ಇದೆ. ಮೂಲಪುರುಷರು ಬೊಂಬಾಯಿಗೆ ಹೊರಟಿದ್ದು ಅದರಲ್ಲಿ ಸಿಗಬಹುದು. ರೈಲಿನಲ್ಲಿ ಫ್ರಾನ್ಸ್ ದಾಟಿ ಮಾರ್ಸೇಲ್ಸ್‌ನಲ್ಲಿ ಹಡಗು ಹತ್ತಿದವರ ಹೆಸರು ಅದರಲ್ಲಿರುವುದಿಲ್ಲ.

ಮೈಹೆರಿಟೇಜ್ ನಿಮ್ಮ ಕೆಲಸಕ್ಕೆ ಬೇಡ.

—

ಲೆಕ್ಕಪತ್ರ:

ದುಡ್ಡಿನ ಬಗ್ಗೆ ಯಾರೂ ಹೇಳಿಲ್ಲ.

ದುಡ್ಡು ಕಟ್ಟುವ ಮೊದಲೇ ಫೈಂಡ್‌ಮೈಪಾಸ್ಟ್, ಆನ್ಸೆಸ್ಟ್ರಿ ಎರಡೂ ಸೈಟಿನಲ್ಲಿ ಉಚಿತ ಖಾತೆ ತೆರೆಯಿರಿ. ಚಂದಾ ಇಲ್ಲದೆಯೂ ಹುಡುಕಾಟದ ಫಲಿತಾಂಶದ ಪಟ್ಟಿ ಕಾಣುತ್ತದೆ, ಚಿತ್ರ ಮಾತ್ರ ತೆರೆಯುವುದಿಲ್ಲ. ಫೈಂಡ್‌ಮೈಪಾಸ್ಟ್‌ನ ದಾಖಲೆಗಳ ಅಕಾರಾದಿ ಪಟ್ಟಿ, ಆನ್ಸೆಸ್ಟ್ರಿಯ ಕಾರ್ಡ್ ಕ್ಯಾಟಲಾಗ್ ಎರಡನ್ನೂ ಪುಕ್ಕಟೆ ನೋಡಬಹುದು. ಬೇಕಾದ ದಾಖಲೆಯ ಪುಟ ತೆರೆದು, ಯಾವ ಹಂತದ ಚಂದಾಕ್ಕೆ ಅದು ಸಿಗುತ್ತದೆ ಎಂದು ಖಚಿತ ಮಾಡಿಕೊಳ್ಳಿ. ಕಡಿಮೆ ಬೆಲೆಯ ಹಂತ ಕೊಂಡು ಆಮೇಲೆ ಬೀಗ ಕಾಣುವುದು ತೀರಾ ಸಾಮಾನ್ಯ. ಆನ್ಸೆಸ್ಟ್ರಿಯ ಅಮೆರಿಕದ ಸೈಟಿನಲ್ಲಿರುವ ಅಗ್ಗದ ಯೋಜನೆ ಅಮೆರಿಕದ ದಾಖಲೆಗಳಿಗಷ್ಟೇ. ಬ್ರಿಟನ್ನಿನ ಹಡಗು ಪಟ್ಟಿ ಅದರಲ್ಲಿ ತೆರೆಯುವುದಿಲ್ಲ.

ಫೈಂಡ್‌ಮೈಪಾಸ್ಟ್ ಒಂದು ತಿಂಗಳು ಸಾಕು, ಹುಡುಕಬೇಕಾದ ಹೆಸರುಗಳ ಪಟ್ಟಿ ಮೊದಲೇ ಸಿದ್ಧವಿದ್ದರೆ. ಆನ್ಸೆಸ್ಟ್ರಿಯಲ್ಲಿ ಉಚಿತ ಪ್ರಯೋಗ ಅವಧಿ ಕೊಡುತ್ತಿದ್ದರೆ ಹಡಗು ಪಟ್ಟಿಗೆ ಅದೇ ಸಾಕಾಗುತ್ತದೆ. ಇಂಗ್ಲೆಂಡಿನಲ್ಲಿರುವ ಮಗಳ ಕಡೆಯವರ ಪರಿಚಯವಿದ್ದರೆ ಇನ್ನೂ ಸುಲಭ: ಅಲ್ಲಿನ ಬಹಳಷ್ಟು ಸಾರ್ವಜನಿಕ ಗ್ರಂಥಾಲಯಗಳ ಕಂಪ್ಯೂಟರಿನಲ್ಲಿ ಆನ್ಸೆಸ್ಟ್ರಿ ಅಥವಾ ಫೈಂಡ್‌ಮೈಪಾಸ್ಟ್ ಉಚಿತವಾಗಿ ಸಿಗುತ್ತದೆ.

ಕಾರ್ಡಿನ ವಿಷಯ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ಚಾಲೂ ಮಾಡದಿದ್ದರೆ ಪಾವತಿ ಆಗುವುದಿಲ್ಲ. ತೋರಿಸಿದ ಪೌಂಡ್ ಬೆಲೆಯ ಮೇಲೆ ಬ್ಯಾಂಕಿನ ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣಕ್ಕೆ ಬ್ಯಾಂಕು ಹಾಕುವ ಶುಲ್ಕ), ಆ ಮಾರ್ಕಪ್ ಮೇಲೆ 18% ಜಿ.ಎಸ್.ಟಿ. ಸೇರುತ್ತದೆ. ಚಂದಾ ಕಟ್ಟಿದ ದಿನವೇ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ರಿನ್ಯೂವಲ್ ನಿಲ್ಲಿಸಿ. ನಿಲ್ಲಿಸಿದರೂ ಕಟ್ಟಿದ ಅವಧಿ ಮುಗಿಯುವವರೆಗೆ ಚಂದಾ ನಡೆಯುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಿಂದ ಎಷ್ಟೋ ವಿದೇಶಿ ಸೈಟುಗಳ ತಾನಾಗಿಯೇ ಆಗುವ ಕಡಿತ ನಮ್ಮ ಕಾರ್ಡುಗಳಲ್ಲಿ ವಿಫಲವಾಗುವುದೇನೋ ನಿಜ, ಅದನ್ನು ನಂಬಿ ಸುಮ್ಮನಿರಬೇಡಿ. ರದ್ದಾಗಿದೆ ಎಂಬ ಇಮೇಲ್ ಬಂತೇ ನೋಡಿ.

—

ಗದ್ದೆ ಬಯಲು:

ನಡುವೆ ಒಂದು ಪ್ರಶ್ನೆ. ಹಾವೇರಿ ಕಡೆಯ ರೈತ ಮನೆತನಕ್ಕೆ ಇಂಥ ಚಂದಾದಿಂದ ಏನಾದರೂ ಸಿಕ್ಕೀತೇ?

—

ನೀಲಗಿರಿ ತೋಪು:

ಗದ್ದೆ ಬಯಲು ಅವರೇ, ಸಿಗುವುದಿಲ್ಲ, ದುಡ್ಡು ಉಳಿಸಿ. ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೇ ಎಂದು ಹಿರಿಯರನ್ನು ಕೇಳಿ. ಆ ಕಡೆಯ ಎಷ್ಟೋ ಮನೆತನಗಳ ವಂಶಾವಳಿ ಹೇಳುವವರು ಅವರೇ. ಒಂದೊಂದು ಹೆಳವ ಮನೆಗೂ ಇಂತಿಷ್ಟು ಊರು, ಇಂತಿಷ್ಟು ಒಕ್ಕಲು ಎಂದು ಗೊತ್ತಾಗಿರುತ್ತದೆ, ಕೆಲವು ವರ್ಷಕ್ಕೊಮ್ಮೆ ಬಂದು ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ಳುತ್ತಾರೆ. ಬಂದಾಗ ಒಪ್ಪಿಗೆ ಪಡೆದು ಧ್ವನಿಮುದ್ರಣ ಮಾಡಿ, ಪುಸ್ತಕ ತೋರಿಸಿದರೆ ಫೋಟೊ ತೆಗೆದುಕೊಳ್ಳಿ, ಅವರಿಗೆ ಸಲ್ಲಬೇಕಾದ ಕಾಣಿಕೆ ಕೊಡಿ. ಜೊತೆಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಜಮೀನಿನ ಸರ್ವೆ ನಂಬರ್ ಕೊಟ್ಟು ಹಳೆಯ ಮ್ಯುಟೇಶನ್ (ಖಾತೆ ಬದಲಾವಣೆ) ನಕಲಿಗೆ ಅರ್ಜಿ ಹಾಕಿ. ಪೌತಿ ಖಾತೆ ಆದ ಕಡೆಯೆಲ್ಲ ಸತ್ತವರ ಹೆಸರು, ವಾರಸುದಾರರ ಹೆಸರು ಎರಡೂ ಇರುತ್ತವೆ. ಹೆಳವರು ಹೇಳಿದ ಸಾಲನ್ನು ಇದರ ಜೊತೆ ತಾಳೆ ನೋಡಬಹುದು.

—

ಕೋರಮಂಡಲ್ ಲೈನ್ಸ್:

ಎಲ್ಲರಿಗೂ ಧನ್ಯವಾದ. ಮೊದಲು ಫ್ಯಾಮಿಲಿಸರ್ಚ್, ಕಾರ್ನ್‌ವಾಲ್ ದತ್ತಸಂಚಯ ಮುಗಿಸಿ, ಆಮೇಲೆ ಫೈಂಡ್‌ಮೈಪಾಸ್ಟ್ ಒಂದು ತಿಂಗಳು. ಚಂದಾ ಮುಗಿದ ಮೇಲೆ ಸೈಟಿನಲ್ಲಿ ಕಟ್ಟಿದ ವೃಕ್ಷ ಉಳಿಯುತ್ತದೆಯೇ?

—

ಹಳೆಕಡತ:

ವೃಕ್ಷ ಉಳಿಯುತ್ತದೆ, ಅದಕ್ಕೆ ಅಂಟಿಸಿದ ದಾಖಲೆಗಳು ತೆರೆಯುವುದಿಲ್ಲ. ಜೆಡ್‌ಕಾಮ್ ಫೈಲಾಗಿ (ವಂಶವೃಕ್ಷವನ್ನು ಒಂದು ಸೈಟಿನಿಂದ ಇನ್ನೊಂದಕ್ಕೆ ಒಯ್ಯುವ ಫೈಲು) ಇಳಿಸಿಕೊಂಡರೂ ಹೆಸರು, ದಿನಾಂಕ, ಸಂಬಂಧ ಬರುತ್ತವೆಯೇ ಹೊರತು ಚಿತ್ರ ಬರುವುದಿಲ್ಲ. ಹಾಗಾಗಿ ಸಿಕ್ಕ ಪ್ರತಿ ಪುಟವನ್ನೂ ಆ ಕ್ಷಣವೇ ಇಳಿಸಿ, ಫೈಲಿನ ಹೆಸರಲ್ಲಿ ಇಸವಿ, ಮನೆತನ, ನಮೂದಿನ ಬಗೆ, ಎನ್/2ರ ಸಂಪುಟ ಸಂಖ್ಯೆ, ಪುಟ ಸಂಖ್ಯೆ ಇದೇ ಕ್ರಮದಲ್ಲಿ ಬರೆಯಿರಿ. ಫೈಂಡ್‌ಮೈಪಾಸ್ಟ್‌ನ ಅಕ್ಷರರೂಪದ ಪುಟದಲ್ಲಿ ಈ ಸಂಖ್ಯೆಗಳಿರುತ್ತವೆ, ಚಿತ್ರದಲ್ಲಿ ಕೆಲವೊಮ್ಮೆ ಕಾಣುವುದಿಲ್ಲ, ಆದ್ದರಿಂದ ಅಕ್ಷರರೂಪದ ಪುಟವನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳಿ. ಮುಂದೆ ಸಿ.ಎಸ್.ಐ. ಚರ್ಚಿನ ಮೂಲ ರಿಜಿಸ್ಟರ್ ಜೊತೆ ಹೋಲಿಸುವಾಗ ಲಂಡನ್ನಿನ ನಕಲಿನಲ್ಲಿ ಬಿಟ್ಟುಹೋದದ್ದು ಯಾವುದು ಎಂದು ಆ ಸಂಖ್ಯೆ ಹಿಡಿದೇ ಹೇಳಬೇಕಾಗುತ್ತದೆ.