ಸಣ್ಣ ಪಟ್ಟಣದ ಬಿಲ್ಲಿನಲ್ಲಿ ಇಷ್ಟೊಂದು ಮಾರಾಟ ತೆರಿಗೆ ಏಕೆ?

ಹೊಸಬಿಡಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಅಮೆರಿಕದ ಒರೆಗಾನ್ ರಾಜ್ಯದಿಂದ ಒಕ್ಲಹೋಮಾದ ಒಂದು ಸಣ್ಣ ಪಟ್ಟಣಕ್ಕೆ ಬಂದು ಕೆಲವು ತಿಂಗಳಾದವು. ಒರೆಗಾನಿನಲ್ಲಿ ಮಾರಾಟ ತೆರಿಗೆಯೇ ಇಲ್ಲದ ಕಾರಣ, ಚೀಟಿಯ ಮೇಲಿದ್ದ ಬೆಲೆಯನ್ನಷ್ಟೇ ಕೊಟ್ಟು ಅಂಗಡಿಯಿಂದ ಹೊರಬರುವುದು ನನಗೆ ರೂಢಿಯಾಗಿತ್ತು. ಇಲ್ಲಿ ನೂರು ಡಾಲರಿನ ಸಾಮಾನು ಕೊಂಡರೆ ಬಿಲ್ಲಿನ ಕೊನೆಯಲ್ಲಿ ಒಂಬತ್ತು ಡಾಲರಿಗೂ ಮೀರಿದ ಮೊತ್ತ ಸೇರಿಕೊಳ್ಳುತ್ತದೆ. ಅದರಲ್ಲಿ ರಾಜ್ಯದ ಪಾಲು ಶೇ. 4.5 ಮಾತ್ರ, ಉಳಿದದ್ದೆಲ್ಲ ಪಟ್ಟಣಕ್ಕೂ ಕೌಂಟಿಗೂ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಹೋಗುತ್ತದೆಯಂತೆ. 2024ರ ಆಗಸ್ಟ್ ಕೊನೆಯಿಂದ ದಿನಸಿಯ ಮೇಲಿನ ತೆರಿಗೆಯನ್ನು ರಾಜ್ಯ ತೆಗೆದುಹಾಕಿದೆ ಎಂದು ಓದಿದ್ದೆ, ಆದರೆ ನನ್ನ ದಿನಸಿ ಬಿಲ್ಲಿನಲ್ಲಿ ತೆರಿಗೆಯ ಸಾಲು ಇನ್ನೂ ಇದೆ.

ಈಗ ಅಗ್ನಿಶಾಮಕ ಠಾಣೆಗೆಂದು ಮಾರಾಟ ತೆರಿಗೆಯನ್ನು ಡಾಲರಿಗೆ ಇನ್ನೂ ಅರ್ಧ ಸೆಂಟ್ (ಶೇ. 0.5) ಏರಿಸುವ ಪ್ರಸ್ತಾವವನ್ನು ಪಟ್ಟಣದವರು ಮತಕ್ಕೆ ಇಟ್ಟಿದ್ದಾರೆ. ಮನೆಯಿದ್ದವರಿಂದ ಆಸ್ತಿ ತೆರಿಗೆ ಪಡೆಯುವುದನ್ನು ಬಿಟ್ಟು ಪ್ರತಿಯೊಂದಕ್ಕೂ ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೈಹಾಕುವುದೇಕೆ? ಇದು ಆಡಳಿತದ ಅಸಮರ್ಥತೆಯೋ, ಬೇರೆ ಕಾರಣವಿದೆಯೋ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹಳೆಯ ಲೆಕ್ಕಿಗ

ಹೊಸಬಿಡಾರ ಅವರೇ, ತಮ್ಮ ಪಟ್ಟಣದವರನ್ನು ದೂರುವ ಮೊದಲು ಅವರ ಕೈಯಲ್ಲಿ ಏನಿದೆ ಎಂಬುದನ್ನು ನೋಡಬೇಕು. ಒಕ್ಲಹೋಮಾದ ಆಸ್ತಿ ತೆರಿಗೆ ಶಾಲೆಗಳಿಗೆ, ಕೌಂಟಿಗೆ, ವೃತ್ತಿ ತರಬೇತಿ ಕೇಂದ್ರಗಳಿಗೆ ಹಂಚಿಹೋಗುತ್ತದೆ. ನಗರ ಮತ್ತು ಪಟ್ಟಣಗಳು ಬಾಂಡ್ ಸಾಲವನ್ನೂ ನ್ಯಾಯಾಲಯದ ತೀರ್ಪಿನಿಂದ ಬಂದ ಬಾಕಿಯನ್ನೂ ತೀರಿಸುವುದಕ್ಕೆ ಮಾತ್ರ ಅದನ್ನು ವಿಧಿಸಬಹುದೇ ಹೊರತು, ಪೊಲೀಸರ ಸಂಬಳ, ರಸ್ತೆಯ ಗುಂಡಿ, ಕಚೇರಿಯ ವಿದ್ಯುತ್ ಬಿಲ್ಲು ಮುಂತಾದ ದಿನನಿತ್ಯದ ವೆಚ್ಚಕ್ಕೆ ಅದರಿಂದ ಬಿಡಿಕಾಸನ್ನೂ ತೆಗೆಯುವಂತಿಲ್ಲ. ಆದ್ದರಿಂದ ಸಾಮಾನ್ಯ ನಿಧಿಯನ್ನು ಮುಖ್ಯವಾಗಿ ತುಂಬುವುದು ಮಾರಾಟ ತೆರಿಗೆ. ಅದು ಸಾಲದಿದ್ದರೆ, ನೀರು, ಒಳಚರಂಡಿ, ಕಸದ ಸೇವೆಗಳನ್ನು ನಡೆಸುವ ಸಾರ್ವಜನಿಕ ಟ್ರಸ್ಟಿನ ಉಳಿಕೆಯನ್ನು ಪಟ್ಟಣದ ಖಾತೆಗೆ ವರ್ಗಾಯಿಸುವುದು ವಾಡಿಕೆ. ತಮ್ಮ ನೀರಿನ ಬಿಲ್ಲು ಹೆಚ್ಚೆನಿಸಿದ್ದರೆ ಅದರೊಳಗೂ ಸ್ವಲ್ಪ ತೆರಿಗೆ ವೇಷ ಮರೆಸಿಕೊಂಡು ಕುಳಿತಿರಬಹುದು.

ದಿನಸಿಯ ವಿಷಯ ಸರಳವಾದದ್ದು. ರಾಜ್ಯ ಬಿಟ್ಟುಕೊಟ್ಟದ್ದು ತನ್ನ ಶೇ. 4.5ನ್ನು ಮಾತ್ರ, ಪಟ್ಟಣದ ಪಾಲನ್ನಲ್ಲ. ಕಾನ್ಸಸ್ ಕೂಡ 2025ರ ಜನವರಿಯಿಂದ ರಾಜ್ಯದ ಪಾಲನ್ನು ಸೊನ್ನೆಗೆ ಇಳಿಸಿ ಸ್ಥಳೀಯ ಪಾಲನ್ನು ಹಾಗೆಯೇ ಉಳಿಸಿತು. ಇಲಿನಾಯ್‌ನ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಅಲ್ಲಿನ ಶೇ. 1ರ ದಿನಸಿ ತೆರಿಗೆಯ ಹಣವೆಲ್ಲ ಸ್ಥಳೀಯ ಸಂಸ್ಥೆಗಳಿಗೇ ಸೇರುತ್ತಿತ್ತು. 2026ರ ಜನವರಿಯಿಂದ ಅದನ್ನು ರದ್ದುಗೊಳಿಸಿದ ರಾಜ್ಯವು, ಬೇಕಿದ್ದವರು ತಮ್ಮದೇ ನಿರ್ಣಯದ ಮೂಲಕ ಅಷ್ಟನ್ನೇ ಹಾಕಿಕೊಳ್ಳಬಹುದು ಎಂದಿತು. ತೆರಿಗೆ ಇಳಿಸಿದ ಹೆಸರು ರಾಜ್ಯಕ್ಕೆ, ಮತ್ತೆ ಹೇರಿದ ಕೆಟ್ಟ ಹೆಸರು ಪಟ್ಟಣಗಳಿಗೆ.

ಇದು ಒಕ್ಲಹೋಮಾದ ವಿಚಿತ್ರವೆಂದೂ ಭಾವಿಸಬೇಡಿ. ಲೂಯಿಸಿಯಾನಾದಲ್ಲಿ ಸ್ವಂತ ವಾಸದ ಮನೆಯ ಮೌಲ್ಯದ ಮೊದಲ 75,000 ಡಾಲರಿಗೆ ಹೆಚ್ಚಿನ ಆಸ್ತಿ ತೆರಿಗೆಗಳಿಂದ ವಿನಾಯಿತಿ ಇದೆ. ಸಣ್ಣ ಊರಿನ ಸಾಧಾರಣ ಮನೆಗಳು ಬಹುಪಾಲು ಆ ವಿನಾಯಿತಿಯೊಳಗೇ ಮುಗಿದುಹೋಗುವುದರಿಂದ, ರಾಜ್ಯ ಮತ್ತು ಸ್ಥಳೀಯ ದರಗಳನ್ನು ಕೂಡಿಸಿದಾಗ ದೇಶದಲ್ಲೇ ಅತಿ ಹೆಚ್ಚು ಮಾರಾಟ ತೆರಿಗೆ ಇರುವ ರಾಜ್ಯಗಳ ಸಾಲಿನಲ್ಲಿ ಅದು ನಿಂತಿರುವುದು ಆಶ್ಚರ್ಯವಲ್ಲ. ತಾವು ಬಿಟ್ಟುಬಂದ ಒರೆಗಾನಿನಲ್ಲಿ ಈ ಹೊರೆ ಆಸ್ತಿ ತೆರಿಗೆಯಲ್ಲೂ ಆದಾಯ ತೆರಿಗೆಯಲ್ಲೂ ಇತ್ತು. ಬಾಡಿಗೆ ಮನೆಯಲ್ಲಿದ್ದಿದ್ದರೆ ಆಸ್ತಿ ತೆರಿಗೆಯ ಭಾರ ಬಾಡಿಗೆಯೊಳಗೆ ಸೇರಿ ತಮ್ಮ ಕಣ್ಣಿಗೆ ಬಿದ್ದಿರಲಾರದು.

ಮಿಸೌರಿ ನಿವಾಸಿ

ಹಳೆಯ ಲೆಕ್ಕಿಗರು ಹೇಳಿದ ಕಾರಣವನ್ನು ಒಪ್ಪುತ್ತೇನೆ, ಆದರೆ ಅವರ ಬರಹ ಓದಿದರೆ ಪಟ್ಟಣಗಳು ಕೇವಲ ಅಸಹಾಯಕ ಎನಿಸಿಬಿಡುತ್ತದೆ. ಮಾರಾಟ ನಡೆದ ಊರಿಗೇ ಹಣ ಎಂಬ ನಿಯಮ ಇರುವ ಕಡೆಗಳಲ್ಲಿ ಪಟ್ಟಣಗಳ ವರ್ತನೆಯೇ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಮತದಾರರು ಒಪ್ಪಿದ ಹದಿಮೂರನೆಯ ಪ್ರಸ್ತಾವವು (ಪ್ರೊಪೊಸಿಷನ್ 13) ಆಸ್ತಿ ತೆರಿಗೆಯನ್ನು ಮೌಲ್ಯದ ಶೇ. 1ಕ್ಕೂ, ಆ ಮೌಲ್ಯದ ಏರಿಕೆಯನ್ನು ವರ್ಷಕ್ಕೆ ಶೇ. 2ಕ್ಕೂ ಕಟ್ಟಿಹಾಕಿತು. ಅಂದಿನಿಂದ ಅಲ್ಲಿನ ನಗರಗಳಿಗೆ ಹೊಸ ಮನೆಗಳ ಬಡಾವಣೆಗಿಂತ ಕಾರು ಮಾರುವ ಷೋರೂಮು ಹೆಚ್ಚು ಪ್ರಿಯವಾಯಿತು. ಮನೆಗಳು ಬಂದರೆ ಸೇವೆಯ ವೆಚ್ಚ ಬರುತ್ತದೆ, ಷೋರೂಮು ಬಂದರೆ ಮಾರಾಟದ ನೂರು ಡಾಲರಿಗೆ ಒಂದು ಡಾಲರು ಬರುತ್ತದೆ.

ನಮ್ಮ ರಾಜ್ಯದಲ್ಲಿ ಸೇಂಟ್ ಲೂಯಿಸ್ ಕೌಂಟಿಯೊಂದರಲ್ಲೇ ಎಂಬತ್ತಕ್ಕೂ ಹೆಚ್ಚು ಪುರಸಭೆಗಳಿವೆ. ದೊಡ್ಡ ಮಳಿಗೆ ರಸ್ತೆಯ ಈ ಬದಿಗೆ ಬಂದರೆ ಒಬ್ಬರಿಗೆ ಹಬ್ಬ, ಆ ಬದಿಗೆ ಹೋದರೆ ಇನ್ನೊಬ್ಬರಿಗೆ ಉಪವಾಸ. ಇದರ ಅತಿರೇಕ ತಪ್ಪಲೆಂದೇ ಕೌಂಟಿಯ ಒಂದು ಸೆಂಟ್ ತೆರಿಗೆಯಲ್ಲಿ ಎರಡು ಗುಂಪುಗಳನ್ನು ಮಾಡಲಾಗಿದೆ: ಕೆಲವು ಊರುಗಳು ತಮ್ಮಲ್ಲಿ ಸಂಗ್ರಹವಾದದ್ದರ ದೊಡ್ಡ ಪಾಲನ್ನು ಉಳಿಸಿಕೊಳ್ಳುತ್ತವೆ, ಉಳಿದವು ಒಟ್ಟು ನಿಧಿಯಿಂದ ಜನಸಂಖ್ಯೆಗೆ ತಕ್ಕಂತೆ ಹಂಚಿಕೊಳ್ಳುತ್ತವೆ. ಅಂಗಡಿಯೂ ಇಲ್ಲದ, ಆಸ್ತಿಗೂ ಬೆಲೆಯಿಲ್ಲದ ಊರುಗಳು ದಂಡದ ಹಣದ ಮೇಲೆ ಕಣ್ಣಿಟ್ಟರೆ ಏನಾಗುತ್ತದೆ ಎಂಬುದನ್ನು ಫರ್ಗುಸನ್ ಪಟ್ಟಣದ ಬಗ್ಗೆ 2015ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಪ್ರಕಟಿಸಿದ ವರದಿಯಲ್ಲಿ ಓದಬಹುದು. ಅದರ ಪಕ್ಕದಲ್ಲಿಟ್ಟು ನೋಡಿದರೆ ಮಾರಾಟ ತೆರಿಗೆ ಸೌಮ್ಯವೇ ಸರಿ.

ಆದರೂ ಆ ಸೌಮ್ಯತೆ ಎಲ್ಲರ ಪಾಲಿಗೆ ಒಂದೇ ಅಲ್ಲ. ಗಳಿಸಿದ್ದನ್ನೆಲ್ಲ ತಿಂಗಳೊಳಗೇ ಖರ್ಚು ಮಾಡಬೇಕಾದ ಕುಟುಂಬವು ತನ್ನ ಆದಾಯದ ದೊಡ್ಡ ಭಾಗದ ಮೇಲೆ ಈ ತೆರಿಗೆ ಕೊಡುತ್ತದೆ. ಉಳಿತಾಯ ಮಾಡಬಲ್ಲವನು ಸಣ್ಣ ಭಾಗದ ಮೇಲೆ ಕೊಡುತ್ತಾನೆ. ದಿನಸಿಯನ್ನೂ ಸೇರಿಸಿದಾಗ ಈ ಅಂತರ ಇನ್ನಷ್ಟು ಹಿಗ್ಗುತ್ತದೆ. ಇಲ್ಲಿ ಸಮುದಾಯ ಸುಧಾರಣಾ ಜಿಲ್ಲೆ ಎಂಬ ಇನ್ನೊಂದು ವ್ಯವಸ್ಥೆಯೂ ಇದೆ: ಒಂದು ಅಂಗಡಿ ಸಂಕೀರ್ಣದ ಸುತ್ತ ಗೆರೆ ಎಳೆದು, ಅದರೊಳಗೆ ಶೇ. 1ರವರೆಗೆ ಹೆಚ್ಚುವರಿ ತೆರಿಗೆ ವಸೂಲು ಮಾಡಬಹುದು. ಗೆರೆಯೊಳಗೆ ನೋಂದಾಯಿತ ಮತದಾರರೇ ವಾಸವಿಲ್ಲದಿದ್ದರೆ ಅದಕ್ಕೆ ಮತ ಹಾಕುವವರು ಆ ಜಾಗದ ಮಾಲೀಕರು. ಕೊಡುವವನು ಗಿರಾಕಿ, ತೀರ್ಮಾನಿಸುವವನು ಜಾಗದ ಒಡೆಯ. ಇದನ್ನು ಸ್ಥಳೀಯ ಸ್ವಯಮಾಡಳಿತ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಗುಡ್ಡದೂರು

ಹೊರಗಿನವರು ಕೊಡುವ ಪಾಲಿನ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಎರಡು ಮಾತು ಸೇರಿಸುತ್ತೇನೆ. ಮೊಂಟಾನಾದಲ್ಲಿ ರಾಜ್ಯ ಮಟ್ಟದ ಸಾಮಾನ್ಯ ಮಾರಾಟ ತೆರಿಗೆ ಇಲ್ಲ, ಆದರೆ ಪ್ರವಾಸಿಗರನ್ನೇ ನಂಬಿದ ಸಣ್ಣ ಊರುಗಳು ಮತದಾರರ ಒಪ್ಪಿಗೆ ಪಡೆದು ಶೇ. 3ರವರೆಗೆ ರೆಸಾರ್ಟ್ ತೆರಿಗೆ ಹಾಕಲು 1985ರ ಕಾನೂನು ದಾರಿ ಮಾಡಿತು. ಯೆಲ್ಲೋಸ್ಟೋನ್ ಉದ್ಯಾನದ ಬಾಗಿಲಲ್ಲಿರುವ ವೆಸ್ಟ್ ಯೆಲ್ಲೋಸ್ಟೋನ್ ಇದನ್ನು ಅಳವಡಿಸಿಕೊಂಡಿತು. ಊರಿನ ಜನಸಂಖ್ಯೆಯ ಎಷ್ಟೋ ಪಟ್ಟು ಜನ ಬೇಸಿಗೆಯಲ್ಲಿ ಬಂದು ರಸ್ತೆ, ನೀರು, ಆಂಬುಲೆನ್ಸ್ ಬಳಸಿ ಹೋಗುವಾಗ, ಅದರ ವೆಚ್ಚವನ್ನೆಲ್ಲ ಅಲ್ಲಿನ ಮನೆಗಳವರು ಆಸ್ತಿ ತೆರಿಗೆಯಲ್ಲಿ ಕಟ್ಟಬೇಕೆನ್ನುವುದು ಯಾವ ನ್ಯಾಯ?

ಇನ್ನೊಂದು ಬದಲಾವಣೆ ಆನ್‌ಲೈನ್ ಖರೀದಿಯದು. ಮಾರುವವನಿಗೆ ರಾಜ್ಯದಲ್ಲಿ ಭೌತಿಕ ನೆಲೆ ಇಲ್ಲದಿದ್ದರೆ ತೆರಿಗೆ ವಸೂಲು ಮಾಡುವ ಹೊಣೆ ಅವನಿಗಿಲ್ಲ ಎಂಬ 1992ರ ತೀರ್ಪನ್ನು ಸುಪ್ರೀಂ ಕೋರ್ಟ್ 2018ರ ಜೂನ್ 21ರಂದು ಸೌತ್ ಡಕೋಟಾ ರಾಜ್ಯ ಮತ್ತು ಆನ್‌ಲೈನ್ ಮಾರಾಟ ಕಂಪನಿ ವೇಫೇರ್ ನಡುವಿನ ಮೊಕದ್ದಮೆಯಲ್ಲಿ 5–4ರ ಬಹುಮತದಿಂದ ತಳ್ಳಿಹಾಕಿತು. ಒಕ್ಲಹೋಮಾದಂತೆ, ಸಾಮಾನು ತಲುಪುವ ವಿಳಾಸವನ್ನು ನೋಡಿ ದರ ನಿರ್ಧರಿಸುವ ರಾಜ್ಯಗಳಲ್ಲಿ ಇದರ ಲಾಭ ಅಂಗಡಿಗಳು ಒಂದೊಂದಾಗಿ ಮುಚ್ಚಿದ ಊರುಗಳಿಗೂ ಸಿಗುತ್ತಿದೆ.

ಹೊಸಬಿಡಾರ

ಎಲ್ಲರಿಗೂ ಕೃತಜ್ಞತೆಗಳು. ಅಸಮರ್ಥತೆ ಎಂಬ ನನ್ನ ಪದವನ್ನು ಹಿಂತೆಗೆದುಕೊಳ್ಳುತ್ತೇನೆ. ಹಾಗಿದ್ದರೆ ಅರ್ಧ ಸೆಂಟಿನ ಮೇಲೆ ಮತ ಹಾಕುವ ಮೊದಲು ನಾನು ಏನನ್ನು ನೋಡಬೇಕು?

ಹಳೆಯ ಲೆಕ್ಕಿಗ

ಮತಪತ್ರದ ಒಕ್ಕಣೆಯನ್ನು ನೋಡಿ, ಪ್ರಚಾರದ ಕರಪತ್ರವನ್ನಲ್ಲ. ಹಣ ಇಂಥದ್ದಕ್ಕೆ ಮಾತ್ರ ಎಂಬ ನಿರ್ಬಂಧವೂ ಕೊನೆಯ ದಿನಾಂಕವೂ ಅದರಲ್ಲೇ ಇರಬೇಕು. ಒಕ್ಲಹೋಮಾ ಸಿಟಿ 1993ರಲ್ಲಿ ಒಂದು ಸೆಂಟ್ ತೆರಿಗೆಗೆ ಜನರ ಒಪ್ಪಿಗೆ ಕೇಳಿದಾಗ ಕಾಮಗಾರಿಗಳ ಪಟ್ಟಿಯನ್ನೂ ಐದು ವರ್ಷಗಳ ಗಡುವನ್ನೂ ಮುಂದಿಟ್ಟಿತ್ತು; ಆಮೇಲೆ ಆರು ತಿಂಗಳ ವಿಸ್ತರಣೆ ಬೇಕಾದಾಗ ಮತ್ತೆ ಮತದಾರರ ಬಳಿಗೇ ಬರಬೇಕಾಯಿತು. ಜಾರ್ಜಿಯಾದ ಕೌಂಟಿಗಳಲ್ಲಿ ಇಂಥ ವಿಶೇಷ ಉದ್ದೇಶದ ಸೆಂಟನ್ನು ಕಟ್ಟಡ, ರಸ್ತೆಗಳಂಥ ಬಂಡವಾಳ ಕೆಲಸಕ್ಕೆ ಬಳಸಬಹುದೇ ಹೊರತು ಸಂಬಳಕ್ಕಲ್ಲ. ತಮ್ಮ ಊರಿನ ಪ್ರಶ್ನೆಯೂ ಅಲ್ಲೇ ಇದೆ. ಠಾಣೆಯ ಕಟ್ಟಡ ಒಮ್ಮೆಯ ಖರ್ಚು, ಅದಕ್ಕೆ ಗಡುವಿರುವ ತೆರಿಗೆ ಹೊಂದುತ್ತದೆ. ಒಳಗೆ ರಾತ್ರಿಯೆಲ್ಲ ಎಚ್ಚರವಿರುವ ಸಿಬ್ಬಂದಿಯ ಸಂಬಳ ಪ್ರತಿ ವರ್ಷದ ಖರ್ಚು. ಅರ್ಧ ಸೆಂಟ್ ಇವೆರಡರಲ್ಲಿ ಯಾವುದಕ್ಕೆ ಎಂದು ಪಟ್ಟಣದ ಗುಮಾಸ್ತರನ್ನು ಲಿಖಿತವಾಗಿ ಕೇಳಿ, ಉತ್ತರ ಬಂದ ಮೇಲೆ ಇಲ್ಲಿಯೂ ತಿಳಿಸಿ.