ಮೆಕ್ಸಿಕೋಗೆ ಹೊರಟಿದ್ದೇನೆ, ಸ್ಪ್ಯಾನಿಷ್ ಜೊತೆಗೆ ಅಲ್ಲಿನ ರೀತಿ ರಿವಾಜು ಏನೇನು ತಿಳಿದಿರಬೇಕು?

ಕೇಳಿದವರು: ಅಕ್ಟೋಬರ್ ಮೊದಲ ವಾರ ಕೆಲಸದ ಮೇಲೆ ಮೆಕ್ಸಿಕೋದ ಗ್ವಾದಲಹಾರಾ ನಗರಕ್ಕೆ ಹೋಗುತ್ತಿದ್ದೇನೆ. ಫೆಬ್ರವರಿವರೆಗೆ ಅಲ್ಲೇ ಇರುತ್ತೇನೆ. ಆ್ಯಪ್‌ನಲ್ಲಿ ಸ್ಪ್ಯಾನಿಷ್ ಒಂದಿಷ್ಟು ಕಲಿತಿದ್ದೇನೆ, ಆದರೆ ಜನರ ಹತ್ತಿರ ಏನು ಮಾತಾಡಬೇಕು ಅಂತಲೇ ಹೊಳೆಯುವುದಿಲ್ಲ. ಹಬ್ಬ, ನಡವಳಿಕೆ, ಊಟದ ಬಗ್ಗೆ ಅಲ್ಲಿದ್ದು ಬಂದವರು ಹೇಳಿ. ನಾನು ಸಸ್ಯಾಹಾರಿ.

ಮೊದಲ ಉತ್ತರ: ಒಳ್ಳೇ ಕಾಲಕ್ಕೇ ಹೋಗುತ್ತಿದ್ದೀರಿ. ಅಕ್ಟೋಬರ್ 12ರ ಬೆಳಗ್ಗೆ ಬೇಗ ಎದ್ದು ರೊಮೆರಿಯಾ ನೋಡಿ. ಸಪೋಪಾನ್ ಮಾತೆ ಅನ್ನುವ ಮೇರಿ ಮಾತೆಯ ಪುಟ್ಟ ಮೂರ್ತಿಯನ್ನು ಗ್ವಾದಲಹಾರಾದ ದೊಡ್ಡ ಚರ್ಚಿನಿಂದ ಪಕ್ಕದ ಊರು ಸಪೋಪಾನ್‌ಗೆ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಲಕ್ಷಾಂತರ ಜನ ಸೇರುತ್ತಾರೆ, ತಲೆಗೆ ಗರಿ ಕಟ್ಟಿದ ಕುಣಿತದ ತಂಡಗಳು ದಾರಿಯುದ್ದಕ್ಕೂ ಇರುತ್ತವೆ. 2018ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ.

ಆದರೆ ಭಾಷೆ ಕಲಿಯುವವರಿಗೆ ನಿಜವಾದ ಹಬ್ಬ ನವೆಂಬರ್ 1 ಮತ್ತು 2ರದ್ದು, ದಿಯಾ ದೆ ಮುಯೆರ್ತೋಸ್, ಅಂದರೆ ತೀರಿಹೋದವರ ದಿನ. ಮೊದಲ ದಿನ ತೀರಿಹೋದ ಮಕ್ಕಳಿಗೆ, ಎರಡನೇ ದಿನ ದೊಡ್ಡವರಿಗೆ. ಮನೆ, ಅಂಗಡಿ, ಆಫೀಸು ಎಲ್ಲ ಕಡೆ ಓಫ್ರೆಂದಾ, ಅಂದರೆ ತೀರಿಹೋದವರಿಗೆ ಎಡೆ ಇಡುವ ಪೀಠ, ಕಟ್ಟುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೀರಿಕೊಂಡವರ ಫೋಟೋ, ಮೇಣದ ಬತ್ತಿ, ಬಣ್ಣದ ಕತ್ತರಿ ಕಾಗದ, ಪಾನ್ ದೆ ಮುಯೆರ್ತೊ ಅನ್ನುವ ಸಿಹಿ ಬ್ರೆಡ್ಡು, ಕೋಪಾಲ್ ಅನ್ನುವ ಮರದ ಅಂಟಿನ ಧೂಪ. ತೀರಿಹೋದವರು ದೂರದಿಂದ ಬಾಯಾರಿ ಬರುತ್ತಾರಲ್ಲ, ಅದಕ್ಕೆ ಒಂದು ಲೋಟ ನೀರು. ಪಕ್ಕದಲ್ಲಿ ಒಂಚೂರು ಉಪ್ಪು. ತಾತನಿಗೆ ಸಿಗರೇಟು ಇಷ್ಟವಿದ್ದರೆ ಅದೂ ಇರುತ್ತದೆ, ಮುಚ್ಚುಮರೆ ಇಲ್ಲ! ದಾರಿ ತೋರಿಸಲು ಸೆಂಪಾಸೂಚಿಲ್ ಹೂವು. ಅಂದರೆ ನಮ್ಮ ಚೆಂಡು ಹೂವೇ. ಅದರ ತವರು ಮೆಕ್ಸಿಕೋ. ಆಯುಧಪೂಜೆಗೆ ನಾವು ಗಾಡಿಗೆ ಕಟ್ಟುವುದು ಇದನ್ನೇ ಅಂತ ಹೇಳಿ ನೋಡಿ, ಮಾತು ನಿಲ್ಲುವುದೇ ಇಲ್ಲ.

ಫೋಟೋ ತೋರಿಸಿ 'ಕೇ ಲೆ ಗುಸ್ತಾಬಾ?' ಅಂತ ಕೇಳಿ. ಅವರಿಗೆ ಏನು ಇಷ್ಟವಿತ್ತು ಅಂತ. ಅಜ್ಜಿ ಹೀಗೆ ಅಡುಗೆ ಮಾಡುತ್ತಿದ್ದಳು, ಹೀಗೆ ಹಾಡುತ್ತಿದ್ದಳು, ಹೀಗೆ ಬೈಯುತ್ತಿದ್ದಳು ಅಂತ ಶುರುವಾಗುತ್ತದೆ. ಪುಸ್ತಕದಲ್ಲಿ ಎಷ್ಟು ಓದಿದರೂ ತಲೆಗೆ ಹತ್ತದ 'ಮಾಡುತ್ತಿದ್ದರು' ಭೂತಕಾಲ ಅಲ್ಲಿ ತಾನಾಗಿ ಕಿವಿಗೆ ಬೀಳುತ್ತದೆ. ಸ್ಮಶಾನದಲ್ಲಿ ಮಾತ್ರ ಕೇಳದೆ ಫೋಟೋ ತೆಗೆಯಬೇಡಿ.

ಎರಡನೇ ಉತ್ತರ: ನಡವಳಿಕೆ ಬಗ್ಗೆ ನಾನು ಹೇಳುತ್ತೇನೆ. ಲಿಫ್ಟ್ ಹತ್ತಿದರೂ, ಅಂಗಡಿಗೆ ಹೋದರೂ, ಡಾಕ್ಟರ ಹತ್ತಿರ ಕಾಯುವ ಜಾಗದಲ್ಲೂ ಮೊದಲು 'ಬುಯೆನೋಸ್ ದಿಯಾಸ್'. ಸುಮ್ನೆ ಒಳಗೆ ಬಂದು ನಿಂತರೆ ಒರಟ ಅಂದುಕೊಳ್ಳುತ್ತಾರೆ. ಹೋಟೆಲಿನಲ್ಲಿ ಊಟ ಮಾಡುತ್ತಿರುವವರ ಪಕ್ಕ ಹಾದುಹೋಗುವಾಗ, ಗುರುತಿಲ್ಲದಿದ್ದರೂ 'ಪ್ರೊವೇಚೊ' ಅನ್ನಿ, ಚೆನ್ನಾಗಿ ಊಟ ಮಾಡಿ ಅಂತ. ಹಿರಿಯರಿಗೆ ಉಸ್ತೇದ್ (ನೀವು), ಓರಗೆಯವರಿಗೆ ತೂ (ನೀನು). ಇದು ಕನ್ನಡದವರಿಗೆ ಕಷ್ಟವೇ ಅಲ್ಲ. ಸ್ಪೇನಿನ ವೊಸೋತ್ರೋಸ್ (ನೀವೆಲ್ಲ) ರೂಪ ಬಾಯಿಪಾಠ ಮಾಡುತ್ತಿದ್ದರೆ ಬಿಟ್ಟುಬಿಡಿ, ಮೆಕ್ಸಿಕೋದಲ್ಲಿ ಅದನ್ನು ಆಡುವುದಿಲ್ಲ. 'ಅಓರಿತಾ', ಅಂದರೆ 'ಈಗಲೇ', ಅಂದರು ಅಂತ ಗಡಿಯಾರ ನೋಡಿಕೊಂಡು ಕೂರಬೇಡಿ.

ಮೂರನೇ ಉತ್ತರ: ಸಸ್ಯಾಹಾರಿ ಅಂದಿರಿ, ಅದಕ್ಕೆ ಬರೆದೆ. 'ಸಿನ್ ಕಾರ್ನೆ' (ಮಾಂಸ ಇಲ್ಲದೆ) ಅಂತ ಹೇಳಿದರೆ ಸಾಲದು. ಕೋಳಿ, ಹ್ಯಾಮ್ ಬಂದರೂ ಬರಬಹುದು. ಬೀನ್ಸನ್ನು ಹಂದಿ ಕೊಬ್ಬಿನಲ್ಲಿ, ಅನ್ನವನ್ನು ಕೋಳಿ ಸಾರಿನಲ್ಲಿ ಮಾಡುವುದುಂಟು. ಒಂದೊಂದನ್ನೂ ಹೆಸರು ಹಿಡಿದು ಕೇಳಿ, ಅದೂ ಸ್ಪ್ಯಾನಿಷ್ ಅಭ್ಯಾಸವೇ ಅಲ್ವಾ! ಕುಂಬಳದ ಹೂವಿನ ಕೆಸಾದಿಯಾ (ಸಾಮಾನ್ಯವಾಗಿ ಚೀಸ್ ಇಟ್ಟು ಮಡಚಿದ ರೊಟ್ಟಿ), ನೊಪಾಲ್ ಅನ್ನುವ ಪಾಪಾಸುಕಳ್ಳಿ ಪಲ್ಯ ಚೆನ್ನಾಗಿರುತ್ತವೆ. ಮೆಕ್ಸಿಕೋ ಸಿಟಿಗೆ ಹೋದರೆ ಕೆಸಾದಿಯಾಗೆ ಚೀಸ್ ಬೇಕು ಅಂತ ಬಾಯಿಬಿಟ್ಟು ಹೇಳಬೇಕಾಗಬಹುದು. ಆ ವಿಷಯಕ್ಕೆ ಬೇರೆ ಊರಿನವರು ರಾಜಧಾನಿಯವರನ್ನು ಆಡಿಕೊಳ್ಳುತ್ತಲೇ ಇರುತ್ತಾರೆ.

ನಾಲ್ಕನೇ ಉತ್ತರ: ಡಿಸೆಂಬರ್ 16ರಿಂದ 24ರವರೆಗೆ ಪೊಸಾದಾ, ಕ್ರಿಸ್‌ಮಸ್ ಮುಂಚಿನ ಸಂಜೆ ಕೂಟಗಳು. ಯಾರು ಕರೆದರೂ ಹೋಗಿ. ಅರ್ಧ ಜನ ಬಾಗಿಲ ಹೊರಗೆ ನಿಂತು ತಂಗಲು ಜಾಗ ಕೊಡಿ ಅಂತ ಹಾಡುತ್ತಾರೆ, ಒಳಗಿನವರು ಆಗಲ್ಲ ಹೋಗಿ ಅಂತ ಹಾಡುತ್ತಾರೆ. ಸಾಲುಗಳನ್ನು ಅಚ್ಚು ಮಾಡಿದ ಪುಟ್ಟ ಪುಸ್ತಕ ಕೈಗೆ ಕೊಟ್ಟರೆ ಓದಿಕೊಂಡೇ ಹಾಡಬಹುದು. ಆಮೇಲೆ ಬಾಗಿಲು ತೆಗೆಯುತ್ತಾರೆ, ಪಿನ್ಯಾತಾ ಅನ್ನುವ, ಸಿಹಿ ತುಂಬಿ ನೇತುಹಾಕಿದ ಬಣ್ಣದ ಗೊಂಬೆಯನ್ನು ಕೋಲಿನಿಂದ ಒಡೆಯುತ್ತಾರೆ.

ಜನವರಿ 6ಕ್ಕೆ ರೋಸ್ಕಾ ಅನ್ನುವ ಉಂಗುರದಾಕಾರದ ಬ್ರೆಡ್ಡು. ನಿಮ್ಮ ತುಂಡಿನಲ್ಲಿ ಪುಟ್ಟ ಗೊಂಬೆ ಸಿಕ್ಕರೆ ಫೆಬ್ರವರಿ 2ಕ್ಕೆ ಎಲ್ಲರಿಗೂ ತಮಾಲೆ, ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ ತಿಂಡಿ, ಕೊಡಿಸಬೇಕು. ವಾಪಸ್ ಟಿಕೆಟ್ ಅದಕ್ಕಿಂತ ಮುಂಚೆ ಮಾಡಿಸಬೇಡಿ, ತಪ್ಪಿಸಿಕೊಂಡು ಓಡಿದ ಅನ್ನುತ್ತಾರೆ. ಇನ್ನೊಂದು ಮಾತು. ಮೇ 5 ಅವರ ಸ್ವಾತಂತ್ರ್ಯ ದಿನ ಅಂತ ಹೇಳಿ ನಗೆಪಾಟಲಾಗಬೇಡಿ. ಅದು 1862ರ ಪುಯೆಬ್ಲಾ ಯುದ್ಧದ ನೆನಪು. ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16.

ಕೇಳಿದವರು: ಗೊಂಬೆ ನನಗೇ ಸಿಕ್ಕರೆ? ತಮಾಲೆಯಲ್ಲೂ ಹಂದಿ ಕೊಬ್ಬು ಇರುತ್ತದಂತಲ್ಲ?

ಮೂರನೇ ಉತ್ತರದವರು: ಹೌದು, ಹಿಟ್ಟಿಗೇ ಕಲಸುತ್ತಾರೆ. ಎಣ್ಣೆಯಲ್ಲಿ ಮಾಡಿಕೊಡುವವರೂ ಇದ್ದಾರೆ, ಮೆಣಸಿನಕಾಯಿ ಚೀಸ್ ಹಾಕಿದ್ದನ್ನು ಮೊದಲೇ ಹೇಳಿ ಮಾಡಿಸಿ. ಉಳಿದವರಿಗೆ ಅವರಿಗೆ ಬೇಕಾದ್ದು ತರಿಸಿ, ದುಡ್ಡು ಮಾತ್ರ ನಿಮ್ಮದು.