ಆಟದ ರಾತ್ರಿಗೆ 85 ಎಂಎಂ: ಎಫ್ 1.8 ಇರುವಾಗ 1.4 ಬೇಕೇ?

ಕುಮಾರಧಾರೆ:

ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯ ಯಕ್ಷಗಾನ ಬಯಲಾಟಗಳಲ್ಲಿ ಚಿತ್ರ ತೆಗೆಯುವ ಹುಚ್ಚು ನನಗೆ. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ. ಚಿತ್ರಕ್ಕೆ ಸಿಗುವ ಸಂಭಾವನೆ ಎಂದರೆ, ವೇಷಧಾರಿಗಳು ಅದನ್ನು ವಾಟ್ಸ್‌ಆ್ಯಪ್‌ಗೆ ಹಾಕಿಕೊಂಡು ಮುಂದಿನ ಸಲ ಚೌಕಿಯಲ್ಲಿ (ಬಣ್ಣ ಹಚ್ಚಿಕೊಳ್ಳುವ ಬಿಡಾರದಲ್ಲಿ) ಕಂಡಾಗ ಕೊಡಿಸುವ ಚಹಾ.

ಕ್ಯಾಮೆರಾ ಸೋನಿ ಎ7 ಮಾರ್ಕ್ 3. ಲೆನ್ಸ್ ಅದೇ ಕಂಪನಿಯ 85 ಎಂಎಂ ಎಫ್ 1.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸು ಹೆಚ್ಚು ತೆರೆಯುತ್ತದೆ, ಬೆಳಕು ಹೆಚ್ಚು). ಈ ವರ್ಷ ಹಳೆಯ ಚಾಲಿ ಅಡಿಕೆ ಕೊಟ್ಟು ಕೈಯಲ್ಲಿ ನಾಲ್ಕು ಕಾಸು ಉಳಿದಿರುವುದರಿಂದ 85 ಎಂಎಂ ಎಫ್ 1.4 ಜಿ ಮಾಸ್ಟರ್‌ನ ಎರಡನೆಯ ಆವೃತ್ತಿಯ ಮೇಲೆ ಕಣ್ಣು ಬಿದ್ದಿದೆ. ಬೆಲೆ ನನ್ನ ಲೆನ್ಸಿನ ಮೂರು ಪಟ್ಟನ್ನೂ ಮೀರುತ್ತದೆ. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.

ನನ್ನ ತೊಂದರೆ ಇಷ್ಟು. ರಂಗಸ್ಥಳದ ಬೆಳಕಿನಲ್ಲಿ ಎಫ್ 1.8, ಸೆಕೆಂಡಿನ 250ನೇ ಒಂದು ಭಾಗ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200 ಇಟ್ಟುಕೊಳ್ಳುತ್ತೇನೆ. ಧೀಂಗಿಣ (ಗಿರಗಿರನೆ ಸುತ್ತುವ ಕುಣಿತ) ಹೊಡೆಯುವಾಗ ಮುಖ ಕಲಸಿ ಹೋಗುತ್ತದೆ. ರಕ್ಕಸ ವೇಷ ಬಂದೊಡನೆ ಯಾರೋ ಕೆಂಪು ದೀಪ ಹಾಕುತ್ತಾರೆ, ಆಗ ಮುಖದ ಮೇಲೆ ಕೆಂಪು ಬಣ್ಣದ ತೇಪೆ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಒಂದೇ ಬರ್ಸ್ಟ್‌ನಲ್ಲಿ (ಗುಂಡಿ ಒತ್ತಿ ಹಿಡಿದು ಸಾಲಾಗಿ ತೆಗೆದಾಗ) ಒಂದು ಚಿತ್ರ ಬೆಳ್ಳಗೆ, ಮತ್ತೊಂದು ಮಂಕು. 1.4 ತೆಗೆದುಕೊಂಡರೆ ಇವೆಲ್ಲ ಸರಿಯಾಗುತ್ತವೆಯೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮದುವೆಮನೆ ಕ್ಯಾಮೆರಾ:

ತೆಗೆದುಕೊಳ್ಳಿ. ನಾನು ಇದೇ ಬದಲಾವಣೆ ಮಾಡಿದೆ, ಆಮೇಲೆ 1.8 ಬೀರುವಿನಿಂದ ಹೊರಗೆ ಬಂದಿಲ್ಲ. ಮಂಟಪದ ಹಿಂದಿನ ಸೀರಿಯಲ್ ದೀಪಗಳು 1.8ರಲ್ಲಿ ಚಿತ್ರದ ಅಂಚಿಗೆ ಹೋದಂತೆ ಬೆಕ್ಕಿನ ಕಣ್ಣಿನ ಆಕಾರಕ್ಕೆ ತಿರುಗುತ್ತವೆ. 1.4 ಲೆನ್ಸನ್ನು 1.8ಕ್ಕೆ ಇಳಿಸಿ ತೆಗೆದರೆ ದುಂಡಗೆ ಉಳಿಯುತ್ತವೆ, ಮೂಲೆಗಳೂ ಕಪ್ಪಾಗುವುದಿಲ್ಲ. ಗಿರಾಕಿಗೆ ಕಾರಣ ಗೊತ್ತಿರುವುದಿಲ್ಲ, ಆದರೆ ಆಲ್ಬಮ್ಮಿನಲ್ಲಿ ಬೆರಳು ಇಡುವುದು ಆ ಚಿತ್ರದ ಮೇಲೆಯೇ.

ಚೌಕಿ ಮೂಲೆ:

ಮದುವೆಮನೆಯವರು ಹೇಳಿದ್ದು ಸುಳ್ಳಲ್ಲ. ಆದರೆ ಮದುಮಗಳು ಧೀಂಗಿಣ ಹೊಡೆಯುವುದಿಲ್ಲ.

ಕುಮಾರಧಾರೆಯವರೇ, ನೀವು ಮೂರು ಕಾಯಿಲೆಗಳನ್ನು ಹೇಳಿ ಒಂದೇ ಗುಳಿಗೆ ಕೇಳುತ್ತಿದ್ದೀರಿ. ಬಿಡಿಸಿ ನೋಡೋಣ.

ಮೊದಲು ಬೆಳಕಿನ ಲೆಕ್ಕ. 1.8ರಿಂದ 1.4ಕ್ಕೆ ಹೋದರೆ ಒಳಗೆ ಬರುವ ಬೆಳಕು ಸುಮಾರು 1.65 ಪಟ್ಟು, ಅಂದರೆ ಒಂದು ಸ್ಟಾಪಿನ (ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪು) ಮೂರನೇ ಎರಡು ಭಾಗಕ್ಕಿಂತ ತುಸು ಹೆಚ್ಚು. ನಿಮ್ಮ 3200ರ ಐಎಸ್‌ಒ 2000ಕ್ಕೆ ಇಳಿಯುತ್ತದೆ. ಇಲ್ಲವೇ ಐಎಸ್‌ಒ ಹಾಗೆಯೇ ಇಟ್ಟರೆ ಶಟರ್ 250ರಿಂದ 400ಕ್ಕೆ ಏರುತ್ತದೆ. ಸುತ್ತುತ್ತಿರುವ ಪುಂಡುವೇಷದ (ಎಳೆಯ ವೀರನ ಪಾತ್ರ) ಮುಖವನ್ನು ಹಿಡಿದು ನಿಲ್ಲಿಸಲು 400 ಸಾಲದು, 800ರ ಹತ್ತಿರ ಬೇಕು. 250ರಿಂದ 800ಕ್ಕೆ ಬೇಕಾದ ಸುಮಾರು ಒಂದೂ ಮುಕ್ಕಾಲು ಸ್ಟಾಪನ್ನು ಯಾವ 85 ಎಂಎಂ ಲೆನ್ಸೂ ನಿಮಗೆ ಕೊಡುವುದಿಲ್ಲ, ಎಫ್ 1.2 ಆದರೂ 1.8ರ ಎದುರು ಸಿಗುವುದು ಒಂದು ಸ್ಟಾಪು ಮತ್ತು ಚೂರು. ಐಎಸ್‌ಒ 10000ಕ್ಕೆ ಏರಿಸಿ. ಚಿತ್ರ ಕಾಳುಕಾಳಾದೀತೆಂದು ಹೆದರಬೇಡಿ. ಚಿತ್ರ ತಿದ್ದುವ ತಂತ್ರಾಂಶ ಲೈಟ್‌ರೂಮಿಗೆ 2023ರ ಏಪ್ರಿಲ್‌ನಲ್ಲಿ ಬಂದ, ಕಾಳು ತೆಗೆಯುವ ಡಿನಾಯ್ಸ್ ಸೌಲಭ್ಯಕ್ಕೆ ರಾ (ಸಂಸ್ಕರಿಸದ ಮೂಲ) ಕಡತ ಕೊಟ್ಟು ನೋಡಿ. ಐಎಸ್‌ಒ ವಿಷಯದಲ್ಲಿ ನಮ್ಮ ತಲೆಮಾರಿಗೆ ಇದ್ದ ಮಡಿವಂತಿಕೆ ಈಗ ಬೇಕಾಗಿಲ್ಲ.

ಎರಡನೆಯದು ಬೆಳ್ಳಗೆ-ಮಂಕು ಆಟ. ಅದಕ್ಕೂ ಲೆನ್ಸಿಗೂ ಸಂಬಂಧವೇ ಇಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ಫ್ಲಡ್‌ಗಳು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. ಶಟರ್ 100ರಲ್ಲಿದ್ದರೆ ಒಂದು ಏರಿಳಿತ ಪೂರ್ತಿಯಾಗಿ ಒಳಗೆ ಬರುತ್ತದೆ, ಎಲ್ಲ ಚಿತ್ರಗಳೂ ಸಮ. 250ರಲ್ಲಿ ಒಂದು ಚಿತ್ರಕ್ಕೆ ಏರು ಸಿಕ್ಕಿದರೆ ಮುಂದಿನದಕ್ಕೆ ಇಳಿತ ಸಿಗುತ್ತದೆ. ನಿಮ್ಮ ಕ್ಯಾಮೆರಾದ ಮೆನುವಿನಲ್ಲಿ ಆ್ಯಂಟಿ ಫ್ಲಿಕರ್ ಇದೆ, ಚಾಲೂ ಮಾಡಿ. ಅದು ಬೆಳಕು ಏರಿದ ಕ್ಷಣಕ್ಕೆ ಕಾದು ಶಟರ್ ಬಿಡುತ್ತದೆ. ಹಾಗಾಗಿ ಚಿತ್ರ ಸಮನಾಗುವುದಲ್ಲದೆ ತುಸು ಹೆಚ್ಚು ಬೆಳಕೂ ಪುಕ್ಕಟೆಯಾಗಿ ಸಿಗುತ್ತದೆ. ಸೈಲೆಂಟ್ ಶಟರ್‌ನಲ್ಲಿ ಇದು ಕೆಲಸ ಮಾಡುವುದಿಲ್ಲ. ಭಾಗವತರ ಪದಕ್ಕೆ ತೊಂದರೆಯಾದೀತು ಎಂದು ಸೈಲೆಂಟ್ ಇಟ್ಟುಕೊಂಡಿದ್ದರೆ ತೆಗೆದುಬಿಡಿ. ಚೆಂಡೆಯ ಎದುರು ನಿಮ್ಮ ಶಟರ್ ಸದ್ದನ್ನು ಕೇಳುವವರು ಯಾರು?

ಮೂರನೆಯದು ಕೆಂಪು. ಸೆನ್ಸರ್‌ನ ಪ್ರತಿ ನಾಲ್ಕು ಚುಕ್ಕಿಗಳಲ್ಲಿ ಎರಡು ಹಸಿರಿಗೆ, ಒಂದು ನೀಲಿಗೆ, ಒಂದು ಕೆಂಪಿಗೆ. ಬರಿಯ ಕೆಂಪು ಎಲ್‌ಇಡಿ ಬಿದ್ದಾಗ ಚಿತ್ರವನ್ನು ಹೊರುವುದು ಆ ಕಾಲುಭಾಗ ಮಾತ್ರ. ಉಳಿದವು ಕತ್ತಲಲ್ಲಿರುವುದರಿಂದ ಮೀಟರು ಬೆಳಕು ಸಾಲದು ಎಂದು ಹೇಳುತ್ತದೆ, ನೀವು ಎಕ್ಸ್‌ಪೋಷರ್ ಏರಿಸುತ್ತೀರಿ, ಅಷ್ಟರಲ್ಲಿ ಕೆಂಪು ತುಂಬಿ ಚೆಲ್ಲಿರುತ್ತದೆ. ತೆಗೆದ ಚಿತ್ರದ ಹಿಸ್ಟೋಗ್ರಾಮ್‌ನಲ್ಲಿ (ಬೆಳಕಿನ ಹಂಚಿಕೆಯ ನಕ್ಷೆ) ಕೆಂಪು ಗೆರೆಯನ್ನು ಬೇರೆಯಾಗಿ ನೋಡಿ, ಅದು ಬಲಗಡೆಗೆ ಬಡಿಯದಂತೆ ಇಳಿಸಿ. ಇಲ್ಲಿ 1.4 ಸಹಾಯ ಮಾಡುವುದು ಹೋಗಲಿ, ಪೂರ್ತಿ ತೆರೆದು ಮೀಟರನ್ನು ನಂಬಿದರೆ ಇನ್ನಷ್ಟು ಬೇಗ ಚೆಲ್ಲುತ್ತದೆ.

ಇನ್ನು ನೀವು ಕೇಳದೆ ಬಿಟ್ಟದ್ದು: ಫೋಕಸ್ಸಿನ ಆಳ. ನಾಲ್ಕು ಮೀಟರ್ ದೂರದ ವೇಷಕ್ಕೆ 1.8ರಲ್ಲಿ ಸ್ಪಷ್ಟವಾಗಿ ನಿಲ್ಲುವ ಆಳ ಸುಮಾರು 24 ಸೆಂಟಿಮೀಟರ್, 1.4ರಲ್ಲಿ 19. ರಕ್ಕಸರ ಬಣ್ಣದ ವೇಷವೆಂದರೆ ಮುಖವಷ್ಟೇ ಅಲ್ಲವಲ್ಲ. ಮುಂದೆ ಚಾಚಿದ ಕೈಯ ಮುದ್ರೆ, ಎದೆಯ ಆಭರಣ, ಭುಜಕೀರ್ತಿ, ಹಿಂದೆ ಆ ದೊಡ್ಡ ಕಿರೀಟ. ಕಣ್ಣು ಮಾತ್ರ ಹರಿತವಾಗಿದ್ದು ಕಿರೀಟ ಕರಗಿಹೋದ ಚಿತ್ರವನ್ನು ನಾವು ನೀವು ಮೆಚ್ಚಿಕೊಳ್ಳಬಹುದು. ಆ ಕಿರೀಟವನ್ನು ಹೊತ್ತ ಕಲಾವಿದನಿಗೆ ತೋರಿಸಿ ನೋಡಿ. ಆಟಕ್ಕೆ ನಾನು ಎಷ್ಟೋ ಸಲ 2.8ಕ್ಕೆ ಇಳಿಸಿ ಐಎಸ್‌ಒ ಏರಿಸುತ್ತೇನೆ.

ಹಾಗಾದರೆ 1.4 ದಂಡವೇ? ಅಲ್ಲ. ಚೌಕಿಗೆ ಬನ್ನಿ. ಸಂಜೆ ಏಳರ ಹೊತ್ತಿಗೆ ಬಣ್ಣದ ವೇಷದವರು ಪೆಟ್ಟಿಗೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯಲ್ಲಿ ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಒಂದೊಂದೇ ಮುಳ್ಳಾಗಿ ಕೆನ್ನೆಗೆ ಇಡುತ್ತಿರುತ್ತಾರೆ. ಮೈ ಅಲುಗುವುದಿಲ್ಲ. ತಲೆಯ ಮೇಲೆ ಒಂದೇ ಬಲ್ಬು. ಹಿಂದೆ ಹಗ್ಗಕ್ಕೆ ನೇತುಬಿಟ್ಟ ಬಟ್ಟೆ, ಪ್ಲಾಸ್ಟಿಕ್ ಕುರ್ಚಿ, ಯಾರದೋ ಹೆಲ್ಮೆಟ್. ಒಂದೂವರೆ ಮೀಟರಿನಿಂದ 1.4ರಲ್ಲಿ ತೆಗೆದರೆ ಸ್ಪಷ್ಟ ಆಳ ಎರಡೂವರೆ ಸೆಂಟಿಮೀಟರ್ ಆಸುಪಾಸು. ಚುಟ್ಟಿಯ ಹಸಿ ಮುಳ್ಳುಗಳ ಸಾಲು ಮತ್ತು ಆ ಒಂದು ಕಣ್ಣು ನಿಲ್ಲುತ್ತವೆ, ಹೆಲ್ಮೆಟ್ಟು ಕುರ್ಚಿಗಳೆಲ್ಲ ಬಣ್ಣದ ಮಬ್ಬಾಗುತ್ತವೆ. 1.8ರಲ್ಲೂ ಆಗುತ್ತದೆ, ಆದರೆ ಹೆಲ್ಮೆಟ್ಟು ಹೆಲ್ಮೆಟ್ಟೆಂದು ಗುರುತು ಸಿಗುತ್ತದೆ. ಮೂರು ಪಟ್ಟು ದುಡ್ಡು ಕೊಡುವುದು ಈ ವ್ಯತ್ಯಾಸಕ್ಕೆ.

ಆದ್ದರಿಂದ ಒಂದು ಕೆಲಸ ಮಾಡಿ. ಹೋದ ತಿರುಗಾಟದ (ಮೇಳಗಳು ಆಟವಾಡುವ ಋತು) ಚಿತ್ರಗಳಲ್ಲಿ ನೀವೇ ಮೆಚ್ಚಿ ಎತ್ತಿಟ್ಟವನ್ನು ಮಾತ್ರ ತೆರೆದು, ಯಾವ ಅಪರ್ಚರಿನಲ್ಲಿ, ಎಲ್ಲಿ ತೆಗೆದದ್ದು ಎಂದು ನೋಡಿ. ರಂಗಸ್ಥಳದವೇ ಹೆಚ್ಚಿದ್ದರೆ ದುಡ್ಡು ಬ್ಯಾಂಕಿನಲ್ಲಿರಲಿ. ಚೌಕಿಯವು ಹೆಚ್ಚಿದ್ದರೆ ಮನೆಯಲ್ಲಿ ಬಾಯಿ ಬಿಡುವ ಧೈರ್ಯ ಮಾಡಬಹುದು.

ಬೆಳಕಿಂಡಿ:

ಚೌಕಿ ಮೂಲೆಯವರ ಒಂದು ಮಾತಿಗೆ ತಿದ್ದುಪಡಿ. ಆ್ಯಂಟಿ ಫ್ಲಿಕರ್ ಗುರುತಿಸುವುದು ಸೆಕೆಂಡಿಗೆ 100 ಅಥವಾ 120ರ ಮಿನುಗನ್ನು ಮಾತ್ರ. ಈಚೆಗೆ ಬಾಡಿಗೆಗೆ ಬರುವ ಬಣ್ಣದ ಎಲ್‌ಇಡಿ ಪಾರ್ ದೀಪಗಳನ್ನು ಮಂದ ಮಾಡಿದಾಗ ಅವು ಅದಕ್ಕಿಂತ ಎಷ್ಟೋ ವೇಗವಾಗಿ ಮಿನುಗುತ್ತವೆ. ಅಲ್ಲಿ ಈ ಉಪಾಯ ನಡೆಯುವುದಿಲ್ಲ, ಪಟ್ಟೆಗಳು ಬರುತ್ತವೆ. ಶಟರ್ ಇಳಿಸುವುದೊಂದೇ ದಾರಿ.

ಮತ್ತೆ, ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಇನ್ನೊಂದು 85 ಯಾಕೆ? ಆರು ಮೀಟರ್ ದೂರದಲ್ಲಿ ಕೂತು 85ನ್ನು ಉದ್ದಕ್ಕೆ ಹಿಡಿದರೆ ಎರಡೂವರೆ ಮೀಟರ್ ಎತ್ತರ ತುಂಬುತ್ತದೆ, ಗೆಜ್ಜೆಯಿಂದ ಕಿರೀಟದ ತುದಿಯವರೆಗೆ ಇಡೀ ವೇಷ. 135 ಎಂಎಂನಲ್ಲಿ 1.6 ಮೀಟರ್, ಸೊಂಟದಿಂದ ಮೇಲೆ. 135 ಎಫ್ 1.8 ನಿಮ್ಮಲ್ಲಿ ಇಲ್ಲದ ಚಿತ್ರವನ್ನು ಕೊಡುತ್ತದೆ. 1.4 ನಿಮ್ಮಲ್ಲಿ ಇರುವ ಚಿತ್ರವನ್ನೇ ನಯ ಮಾಡಿ ಕೊಡುತ್ತದೆ. 135ರ ತೂಕ 950 ಗ್ರಾಂ, ಬೆಳಗಿನ ಜಾವಕ್ಕೆ ಮಣಿಕಟ್ಟು ದೂರುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಕುಮಾರಧಾರೆ:

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಕೂತು ನೋಡಿದೆ. ಮೆಚ್ಚಿ ಇಟ್ಟುಕೊಂಡವುಗಳಲ್ಲಿ ಚೌಕಿಯವೇ ಹೆಚ್ಚು, ನನಗೇ ಆಶ್ಚರ್ಯ. ರಂಗಸ್ಥಳದಲ್ಲಿ ರಾಶಿ ತೆಗೆಯುತ್ತೇನೆ, ಉಳಿಸಿಕೊಳ್ಳುವುದು ಕಡಿಮೆ. ಉಳಿದವುಗಳಲ್ಲೂ ಹೆಚ್ಚಿನವು ವೇಷ ಕೂತಿರುವಾಗ, ಅರ್ಥ (ಮಾತುಗಾರಿಕೆ) ಹೇಳುವಾಗ ತೆಗೆದವು.

ಹಳೆಯ ಲೆನ್ಸಿನ ಬಗ್ಗೆ ಒಂದು ದೂರು ಮಾತ್ರ ಉಳಿದಿದೆ. 1.8ರಲ್ಲಿ ಕಿರೀಟದ ಹೊಳೆಯುವ ತುಣುಕುಗಳ ಸುತ್ತ, ಫೋಕಸ್ಸಿನ ಮುಂದೆ ನೇರಳೆ, ಹಿಂದೆ ಹಸಿರು ಅಂಚು ಕಾಣುತ್ತದೆ. ಹೊಸದರಲ್ಲಿ ಅದು ಕಡಿಮೆಯೇ? 2016ರ ಮೊದಲ ಆವೃತ್ತಿಯ ಜಿ ಮಾಸ್ಟರ್ ಬಳಸಿದ್ದು ಅಗ್ಗಕ್ಕೆ ಸಿಗುತ್ತಿದೆ, ಅದು ಆದೀತೇ?

ಚೌಕಿ ಮೂಲೆ:

ಅಂಚಿನ ಬಣ್ಣ ಹೊಸದರಲ್ಲಿ ಕಡಿಮೆ. ನಿಮ್ಮದರಲ್ಲೂ 2.8ಕ್ಕೆ ಇಳಿಸಿದರೆ ಬಹುಪಾಲು ಹೋಗುತ್ತದೆ. ಮೊದಲ ಆವೃತ್ತಿ 820 ಗ್ರಾಂ, ಫೋಕಸ್ ನಿಧಾನ, ಮೋಟಾರಿನ ಸದ್ದೂ ಉಂಟು. ನಿಮ್ಮ 371 ಗ್ರಾಂನ ಅಗ್ಗದ ಲೆನ್ಸೇ ಅದಕ್ಕಿಂತ ಚುರುಕು. ಚೌಕಿಗೆ ಮಾತ್ರವಾದರೆ ನಡೆಯುತ್ತದೆ, ರಂಗಸ್ಥಳಕ್ಕೆ ಬೇಡ. ಎರಡನೆಯ ಆವೃತ್ತಿ 642 ಗ್ರಾಂ, ಫೋಕಸ್ಸಿನಲ್ಲಿ ಅಳುಕಿಲ್ಲ. ಸಿಗ್ಮಾದ 85 ಎಫ್ 1.4 ಡಿಜಿ ಡಿಎನ್ ಆರ್ಟ್ ಕೂಡ ಹೆಚ್ಚುಕಡಿಮೆ ಅದೇ ತೂಕ, ಬೆಲೆ ಬಹಳ ಕಡಿಮೆ. ಅದನ್ನು ನೋಡದೆ ಅಂಗಡಿಯಿಂದ ಹೊರಗೆ ಬರಬೇಡಿ.

ಯಾವುದನ್ನೇ ಕೊಂಡರೂ ಪತ್ತನಾಜೆಯ (ಮೇ ಕೊನೆಗೆ ಬರುವ, ತಿರುಗಾಟ ಮುಗಿಯುವ ದಿನ) ಹೊತ್ತಿಗೆ ಕೊಳ್ಳಬೇಡಿ. ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯ ತನಕ ಲೆನ್ಸು ಕಪಾಟಿನಲ್ಲಿ ಕೊಳೆಯುತ್ತದೆ, ವಾರಂಟಿಯ ಅರ್ಧ ವರ್ಷ ಮಳೆಗೇ ಸಲ್ಲುತ್ತದೆ. ನಮ್ಮ ಕಡೆಯ ಜುಲೈ ತೇವಕ್ಕೆ ಗಾಜಿನೊಳಗೆ ಬೂಷ್ಟು ಹಿಡಿಯಲು ತಡವಿಲ್ಲ. ಡ್ರೈ ಕ್ಯಾಬಿನೆಟ್ ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳಿ. ತೇವ ಶೇಕಡಾ 40ರಿಂದ 50ರ ನಡುವೆ ಇರಲಿ.

ಅದಕ್ಕೂ ಮೊದಲು ಒಂದು ರಾತ್ರಿ ಬಾಡಿಗೆಗೆ ತಂದು ನೋಡಿ. ಹುಡ್ (ಲೆನ್ಸಿನ ಬಾಯಿಗೆ ಹಾಕುವ ನೆರಳು ಕವಚ) ಕೇಳಿ ಪಡೆಯಿರಿ, ರಂಗಸ್ಥಳದ ಪಕ್ಕದ ಫ್ಲಡ್ಡು ನೇರ ಗಾಜಿಗೆ ಬೀಳುತ್ತದೆ. ನಿಮ್ಮ 67 ಎಂಎಂ ಫಿಲ್ಟರ್ ಜಿ ಮಾಸ್ಟರ್‌ಗೆ ಕೂರುವುದಿಲ್ಲ, ಅದರದು 77.

ಕುಮಾರಧಾರೆ:

ಮಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದಂತೆ, ಕೇಳಿದ್ದೇನೆ. ಶನಿವಾರ ಬೆಳ್ಳಾರೆ ಹತ್ತಿರ ಆಟವಿದೆ. ಚೌಕಿಯಲ್ಲಿ ಎರಡೂ ಲೆನ್ಸುಗಳಿಂದ ಒಂದೇ ವೇಷವನ್ನು ತೆಗೆದು ಇಲ್ಲಿ ಹಾಕುತ್ತೇನೆ.

ಮದುವೆಮನೆ ಕ್ಯಾಮೆರಾ:

ಹಾಕುವಾಗ ಯಾವುದು ಯಾವ ಲೆನ್ಸಿನದು ಎಂದು ಬರೆಯಬೇಡಿ. ಮೊದಲು ಚೌಕಿ ಮೂಲೆಯವರು ಹೇಳಲಿ, ಆಮೇಲೆ ನಾನು ಹೇಳುತ್ತೇನೆ.